ಎಂಜಿನಿಯರಿಂಗ್ ಪದವಿಗೆ ಹಾಕಿದ ಹಣ ಎಷ್ಟು ವರ್ಷಕ್ಕೆ ಹುಟ್ಟುತ್ತದೆ? ಲೆಕ್ಕ ಹಾಕುವ ಕ್ರಮ

ಎಂಜಿನಿಯರಿಂಗ್ ಓದಿಸಿದರೆ ಹಾಕಿದ ಹಣ ವಾಪಸು ಬರುತ್ತದೆಯೇ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಕೆಲವರು ಪದವಿಗೆ ಸೇರಲಿರುವವರು, ಹೆಚ್ಚಿನವರು ಅವರ ತಂದೆತಾಯಿಗಳು. ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಉತ್ತರವನ್ನು ಕಂಡುಕೊಳ್ಳುವ ಕ್ರಮ ಎಲ್ಲರಿಗೂ ಒಂದೇ, ಮತ್ತು ಅದಕ್ಕೆ ಕೂಡುವ, ಕಳೆಯುವ, ಗುಣಿಸುವ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಆ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಲೆಕ್ಕಕ್ಕೆ ಕೂರುವ ಮೊದಲು ನಾಲ್ಕು ಸಂಗತಿಗಳನ್ನು ಕೈಗೆ ತೆಗೆದುಕೊಳ್ಳಿ. ಕಾಲೇಜಿನ ಎಲ್ಲ ವರ್ಷಗಳ ಶುಲ್ಕದ ವಿವರ, ನಿಮಗೆ ಬೇಕಾದ ವಿಭಾಗದಿಂದ ಹಿಂದಿನ ಕನಿಷ್ಠ ಮೂರು ವರ್ಷಗಳಲ್ಲಿ ಆದ ನೇಮಕಾತಿಯ ವಿವರ ಮತ್ತು ಸಾಲ ಮಾಡುವುದಾದರೆ ಅದರ ಷರತ್ತುಗಳ ಪೂರ್ಣ ಪ್ರತಿ ಬೇಕು. ಇವುಗಳ ಜೊತೆಗೆ ಅದೇ ವಿಭಾಗದಲ್ಲಿ ಓದಿ ಐದಾರು ವರ್ಷ ಕೆಲಸ ಮಾಡಿರುವ ಇಬ್ಬರು ಮೂವರೊಡನೆ ಮಾತನಾಡುವ ಅವಕಾಶವನ್ನೂ ಮಾಡಿಕೊಳ್ಳಿ. ನಾಲ್ಕನೆಯದನ್ನು ಬಹುತೇಕರು ಬಿಟ್ಟುಬಿಡುತ್ತಾರೆ, ಆದರೆ ಅತ್ಯಂತ ನಂಬಲರ್ಹವಾದ ಮಾಹಿತಿ ಸಿಗುವುದು ಅಲ್ಲಿಂದಲೇ.

ಉದಾಹರಣೆಗಳಲ್ಲಿ ನಾನು ಯಾವ ದೇಶದ ಹಣವನ್ನೂ ಬಳಸಿಲ್ಲ. ಪದವಿಗೆ ಸೇರದೆ ಈಗಲೇ ಕೆಲಸಕ್ಕೆ ಹೋದವರ ಒಂದು ವರ್ಷದ ಗಳಿಕೆಯನ್ನು 100 ಎಂದು ಇಟ್ಟುಕೊಂಡು, ಉಳಿದೆಲ್ಲವನ್ನೂ ಅದರ ಅಳತೆಯಲ್ಲೇ ಹೇಳಿದ್ದೇನೆ. ಈ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಮಾತ್ರ. ಅವುಗಳ ಜಾಗದಲ್ಲಿ ನಿಮ್ಮ ಅಂಕಿಗಳನ್ನು ಇಟ್ಟಾಗಲೇ ಲೆಕ್ಕ ನಿಮ್ಮದಾಗುತ್ತದೆ.

ಹಂತ 1: ಯಾವುದಕ್ಕೆ ಹೋಲಿಸುತ್ತಿದ್ದೀರಿ ಎಂಬುದನ್ನು ಬರೆದುಕೊಳ್ಳಿ

ಎಂಜಿನಿಯರಿಂಗ್ ಲಾಭದಾಯಕವೇ ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಯಾವುದಕ್ಕಿಂತ ಲಾಭದಾಯಕ ಎಂಬುದು ಅದರ ಇನ್ನರ್ಧ. ಈ ಪದವಿಗೆ ಸೇರದಿದ್ದರೆ ನೀವು ನಿಜವಾಗಿ ಏನು ಮಾಡುತ್ತಿದ್ದಿರಿ? ಡಿಪ್ಲೊಮಾ, ವಿಜ್ಞಾನ ಅಥವಾ ವಾಣಿಜ್ಯ ಪದವಿ, ಕೆಲಸ ಕಲಿಯುತ್ತಲೇ ಸಂಬಳ ಪಡೆಯುವ ಅಪ್ರೆಂಟಿಸ್‌ಶಿಪ್, ಮನೆಯ ವ್ಯವಹಾರ, ನೇರವಾಗಿ ಉದ್ಯೋಗ: ಇವುಗಳಲ್ಲಿ ನಿಮಗೆ ನಿಜವಾಗಿ ತೆರೆದಿರುವ, ಎರಡನೆಯ ಸ್ಥಾನದಲ್ಲಿರುವ ದಾರಿಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಮುಂದಿನ ಪ್ರತಿ ಅಂಕಿಯೂ ಆ ದಾರಿಯ ಎದುರು ನಿಲ್ಲಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಎಂಜಿನಿಯರುಗಳ ಸರಾಸರಿ ಸಂಬಳವನ್ನೂ ಪದವಿಯಿಲ್ಲದವರ ಸರಾಸರಿ ಸಂಬಳವನ್ನೂ ಅಕ್ಕಪಕ್ಕದಲ್ಲಿಟ್ಟು, ನಡುವಿನ ಅಂತರವೆಲ್ಲ ಪದವಿಯ ಫಲವೆಂದು ತಿಳಿಯುವುದು. ಎಂಜಿನಿಯರಿಂಗ್ ಸೇರುವವರು ಸಾಮಾನ್ಯವಾಗಿ ಗಣಿತದಲ್ಲಿ ಮೊದಲೇ ಗಟ್ಟಿಯಿರುವವರು. ಅವರು ಬೇರೆ ದಾರಿ ಹಿಡಿದಿದ್ದರೂ ಸರಾಸರಿಗಿಂತ ಹೆಚ್ಚು ಗಳಿಸುವ ಸಂಭವವಿತ್ತು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅಮೆರಿಕದ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಸಮಸ್ಯೆಯನ್ನು ಕಾಲೇಜುಗಳ ಹೆಸರಿನ ವಿಷಯದಲ್ಲಿ ಬಿಡಿಸಿ ನೋಡಿತು. ಪ್ರತಿಷ್ಠಿತ ಕಾಲೇಜುಗಳಲ್ಲಿ ಸೀಟು ಸಿಕ್ಕಿದ್ದರೂ ಅಷ್ಟು ಹೆಸರಿಲ್ಲದ ಕಾಲೇಜಿಗೆ ಸೇರಿದವರು, ಅಂಥ ಪ್ರತಿಷ್ಠಿತ ಕಾಲೇಜುಗಳಿಗೇ ಸೇರಿದ ಸಮಾನ ಸಾಮರ್ಥ್ಯದವರಷ್ಟೇ ಮುಂದೆ ಗಳಿಸುತ್ತಿದ್ದರು. ಕಡಿಮೆ ಆದಾಯದ ಕುಟುಂಬಗಳಿಂದ ಬಂದವರಿಗೆ ಮಾತ್ರ ಪ್ರತಿಷ್ಠಿತ ಕಾಲೇಜಿನಿಂದ ಸ್ಪಷ್ಟ ಲಾಭವಾಗಿತ್ತು. ಕಾಲೇಜಿನ ಹೆಸರಿಗಾಗಿಯೇ ದುಪ್ಪಟ್ಟು ಶುಲ್ಕ ಕೊಡಲು ಹೊರಟವರು ಈ ಎರಡು ಮಾತುಗಳನ್ನೂ, ವಿಶೇಷವಾಗಿ ಎರಡನೆಯದನ್ನು, ಗಮನಿಸಬೇಕು.

ಹಂತ 2: ಪೂರ್ತಿ ವೆಚ್ಚವನ್ನು ಕೂಡಿಸಿ

ವೆಚ್ಚದಲ್ಲಿ ಎರಡು ಭಾಗಗಳಿವೆ. ಕೈಯಿಂದ ಹೋಗುವ ಹಣ ಮೊದಲನೆಯದು: ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ, ಪುಸ್ತಕ, ಲ್ಯಾಪ್‌ಟಾಪ್, ಪ್ರಯೋಗಾಲಯ ಮತ್ತು ಪ್ರಾಜೆಕ್ಟ್ ಖರ್ಚು, ಓಡಾಟ. ಮೊದಲ ವರ್ಷದ ಶುಲ್ಕವನ್ನು ನಾಲ್ಕರಿಂದ ಗುಣಿಸಿ ಮುಗಿಸಬೇಡಿ. ಶುಲ್ಕ ವರ್ಷವರ್ಷ ಏರುವುದೇ, ಎಷ್ಟು ಏರಬಹುದು ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಿರಿ. ವಿದ್ಯಾರ್ಥಿವೇತನ ಸಿಗುವುದಾದರೆ ಅದು ಮೊದಲ ವರ್ಷಕ್ಕೆ ಮಾತ್ರವೇ, ಮುಂದುವರಿಯಲು ಇಂತಿಷ್ಟು ಅಂಕ ಇರಲೇಬೇಕೇ ಎಂದು ವಿಚಾರಿಸಿ. ಅಂಥ ಷರತ್ತಿದ್ದರೆ ಮೊದಲ ವರ್ಷದ್ದನ್ನು ಮಾತ್ರ ಖಚಿತವೆಂದು ಹಿಡಿಯಿರಿ.

ಊಟ ಮತ್ತು ವಸತಿಯ ವಿಷಯದಲ್ಲಿ ಜನ ಎರಡೂ ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಅದನ್ನು ಪೂರ್ತಿ ಬಿಡುತ್ತಾರೆ, ಕೆಲವರು ಪೂರ್ತಿ ಸೇರಿಸುತ್ತಾರೆ. ಕಾಲೇಜಿಗೆ ಹೋಗದಿದ್ದರೂ ಉಣ್ಣಬೇಕು, ಎಲ್ಲಿಯಾದರೂ ಇರಬೇಕು. ಆದ್ದರಿಂದ ಇನ್ನೊಂದು ದಾರಿಯಲ್ಲಿ ಆಗುತ್ತಿದ್ದ ಖರ್ಚಿಗಿಂತ ಎಷ್ಟು ಹೆಚ್ಚು ಆಗುತ್ತದೆಯೋ ಅಷ್ಟನ್ನು ಮಾತ್ರ ಸೇರಿಸಬೇಕು.

ಎರಡನೆಯ ಭಾಗ ಕಣ್ಣಿಗೆ ಕಾಣದ್ದು. ಓದುವ ನಾಲ್ಕು ವರ್ಷ ದುಡಿಯದೆ ಬಿಟ್ಟ ಸಂಬಳವನ್ನು ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎನ್ನುತ್ತಾರೆ, ಅಂದರೆ ಒಂದು ದಾರಿ ಹಿಡಿದಿದ್ದರಿಂದ ಇನ್ನೊಂದು ದಾರಿಯಲ್ಲಿ ಕಳೆದುಕೊಂಡದ್ದು. ನಮ್ಮ ಉದಾಹರಣೆಯಲ್ಲಿ ಕೈಯಿಂದ ಹೋಗುವುದು ವರ್ಷಕ್ಕೆ 60 ಎಂದುಕೊಳ್ಳಿ. ನಾಲ್ಕು ವರ್ಷಕ್ಕೆ 240 ಆಯಿತು. ದುಡಿಯದೆ ಬಿಟ್ಟದ್ದು ವರ್ಷಕ್ಕೆ ಸರಾಸರಿ 100ರಂತೆ 400. ಒಟ್ಟು ವೆಚ್ಚ 640, ಅದರಲ್ಲಿ ಶುಲ್ಕವೂ ಇತರ ಖರ್ಚೂ ಸೇರಿ ಶೇಕಡಾ 38ರಷ್ಟು ಮಾತ್ರ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿ ಶಿಕ್ಷಣಕ್ಕೆ ಬಹುಮಟ್ಟಿಗೆ ಬೋಧನಾ ಶುಲ್ಕವೇ ಇಲ್ಲ. ಹಾಗಿದ್ದರೂ ಅಲ್ಲಿನ ವಿದ್ಯಾರ್ಥಿಗೆ ಪದವಿ ಪುಕ್ಕಟೆಯಲ್ಲ, ಏಕೆಂದರೆ ಈ ಎರಡನೆಯ ಭಾಗ ಉಳಿದೇ ಇರುತ್ತದೆ.

ಈ ಭಾಗವನ್ನು ಕುಗ್ಗಿಸುವ ಉಪಾಯಗಳೂ ಇವೆ. ಅಮೆರಿಕದ ಸಿನ್ಸಿನ್ಯಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ 1906ರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಕೋ-ಆಪ್ ಪದ್ಧತಿಯನ್ನು ಆರಂಭಿಸಿದರು. ಅದರಲ್ಲಿ ವಿದ್ಯಾರ್ಥಿ ಕೆಲವು ತಿಂಗಳು ತರಗತಿಯಲ್ಲಿ, ಕೆಲವು ತಿಂಗಳು ಸಂಬಳದ ಕೆಲಸದಲ್ಲಿ ಸರದಿಯಂತೆ ಇರುತ್ತಾನೆ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯೊಂದಿಗೆ. ನೀವು ನೋಡುತ್ತಿರುವ ಕಾಲೇಜಿನಲ್ಲಿ ಸಂಬಳ ಸಿಗುವ ತರಬೇತಿಗೆ ಅವಕಾಶವಿದ್ದರೆ, ಆ ಗಳಿಕೆಯನ್ನು ವೆಚ್ಚದಿಂದ ಕಳೆಯಿರಿ.

ಹಂತ 3: ಗಳಿಕೆಯ ಅಂಕಿಯನ್ನು ಶೋಧಿಸಿ

ಇಡೀ ಲೆಕ್ಕ ಹೆಚ್ಚಾಗಿ ಕೆಡುವುದು ಈ ಹಂತದಲ್ಲಿ. ಕಾಲೇಜುಗಳು ಮುಂದಿಡುವ ಅತಿ ದೊಡ್ಡ ಪ್ಯಾಕೇಜ್ ನಿಮ್ಮ ಲೆಕ್ಕಕ್ಕೆ ಯಾವ ಕೆಲಸಕ್ಕೂ ಬಾರದ ಅಂಕಿ. ಸರಾಸರಿಯೂ ಮೋಸಗೊಳಿಸಬಲ್ಲದು. ಹತ್ತು ಜನರಲ್ಲಿ ಒಂಬತ್ತು ಜನಕ್ಕೆ 120ರಂತೆ, ಒಬ್ಬರಿಗೆ 800 ಸಿಕ್ಕರೆ ಸರಾಸರಿ 188 ಆಗುತ್ತದೆ, ಆದರೆ ಆ ಹತ್ತು ಜನರಲ್ಲಿ 188ರ ಹತ್ತಿರ ಪಡೆದವರು ಒಬ್ಬರೂ ಇಲ್ಲ. ನಿಮಗೆ ಬೇಕಾದದ್ದು ಮಧ್ಯಾಂಕ. ಎಲ್ಲರ ಸಂಬಳಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ಸಂಬಳವೇ ಮಧ್ಯಾಂಕ. ಈ ಉದಾಹರಣೆಯಲ್ಲಿ ಅದು 120. ಜೊತೆಗೆ ಕೆಳಗಿನ ಕಾಲು ಭಾಗದವರು ಎಷ್ಟು ಪಡೆದರು ಎಂಬುದನ್ನೂ ಕೇಳಿ.

ನೇಮಕಾತಿಯ ಶೇಕಡಾವಾರು ಅಂಕಿ ಕಂಡಾಗ ಈ ಪ್ರಶ್ನೆಗಳನ್ನು ಕೇಳದೆ ಬಿಡಬೇಡಿ:

- ಭಾಗಿಸಿದ್ದು ವಿಭಾಗದ ಎಲ್ಲ ವಿದ್ಯಾರ್ಥಿಗಳ ಸಂಖ್ಯೆಯಿಂದಲೋ, ನೇಮಕಾತಿಗೆ ಹೆಸರು ನೋಂದಾಯಿಸಿ ಅರ್ಹರೆನಿಸಿದವರ ಸಂಖ್ಯೆಯಿಂದ ಮಾತ್ರವೋ?
- ಒಬ್ಬ ವಿದ್ಯಾರ್ಥಿಗೆ ಬಂದ ಮೂರು ಕರೆಗಳನ್ನು ಮೂವರೆಂದು ಎಣಿಸಲಾಗಿದೆಯೇ?
- ಕರೆ ಬಂದವರಲ್ಲಿ ಎಷ್ಟು ಜನ ನಿಜವಾಗಿ ಕೆಲಸಕ್ಕೆ ಸೇರಿದರು, ಅದರಲ್ಲಿ ಎಂಜಿನಿಯರಿಂಗ್ ಸಂಬಂಧಿತ ಕೆಲಸಗಳೆಷ್ಟು?
- ಹೇಳಿದ ಪ್ಯಾಕೇಜಿನಲ್ಲಿ ಪ್ರತಿ ತಿಂಗಳು ಕೈಗೆ ಬರುವುದೆಷ್ಟು? ವಿಮೆ, ನಿವೃತ್ತಿ ನಿಧಿ, ಕೆಲಸದ ಫಲಿತಾಂಶ ನೋಡಿ ಕೊಡುವ ಬೋನಸ್ ಇವೆಲ್ಲ ಅದರಲ್ಲಿ ಸೇರಿರಬಹುದು.

ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಯ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಎರಡೂ ದಾರಿಗಳ ಗಳಿಕೆಯನ್ನು ತೆರಿಗೆ ಕಳೆದ ನಂತರವೇ ಹೋಲಿಸಿ, ಏಕೆಂದರೆ ಗಳಿಕೆ ಏರಿದಂತೆ ತೆರಿಗೆಯ ಪ್ರಮಾಣವೂ ಸಾಮಾನ್ಯವಾಗಿ ಏರುತ್ತದೆ.

ಎಲ್ಲ ವಿಭಾಗಗಳನ್ನೂ ಒಂದೇ ಅಂಕಿಯಲ್ಲಿ ಅಳೆಯಲಾಗದು. ಕಂಪ್ಯೂಟರ್ ಸೈನ್ಸ್‌ನ ಆರಂಭಿಕ ಸಂಬಳವನ್ನು ಸಿವಿಲ್ ಅಥವಾ ಮೆಕ್ಯಾನಿಕಲ್ ವಿಭಾಗಕ್ಕೆ ಹಚ್ಚುವುದು ತಪ್ಪು. ಆರಂಭದ ಸಂಬಳ ಜೀವಮಾನದ ಕಥೆಯನ್ನೂ ಹೇಳುವುದಿಲ್ಲ. ಡೇವಿಡ್ ಡೆಮಿಂಗ್ ಮತ್ತು ಕದೀಮ್ ನೊರೆ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ನಂಥ ಅನ್ವಯಿಕ ವಿಷಯ ಓದಿದವರಿಗೆ ಬೇರೆ ಪದವೀಧರರಿಗಿಂತ ಆರಂಭದಲ್ಲಿ ಇರುವ ಸಂಬಳದ ಮೇಲುಗೈ, ಕೆಲಸದ ಮೊದಲ ಹತ್ತು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಗ್ಗುತ್ತದೆ. ಈ ಕ್ಷೇತ್ರಗಳಲ್ಲಿ ತಂತ್ರಜ್ಞಾನ ಬೇಗ ಬದಲಾಗುವುದರಿಂದ ಕಲಿತ ಕೌಶಲ ಬೇಗ ಹಳತಾಗುವುದೇ ಅದಕ್ಕೆ ಅವರು ಕೊಟ್ಟ ಕಾರಣ. ಆದ್ದರಿಂದ ನಡುನಡುವೆ ಹೊಸದನ್ನು ಕಲಿಯುವ ಖರ್ಚನ್ನೂ ವೇಳೆಯನ್ನೂ ಲೆಕ್ಕದಲ್ಲಿ ಸೇರಿಸುವುದು ನ್ಯಾಯ.

ಹಂತ 4: ವರ್ಷವಾರು ಪಟ್ಟಿ ಮಾಡಿ

ಒಂದು ಹಾಳೆಯಲ್ಲಿ ಮೂರು ಕಂಬಸಾಲುಗಳಿರಲಿ: ವರ್ಷ, ಎಂಜಿನಿಯರಿಂಗ್ ದಾರಿಯ ಗಳಿಕೆ, ಇನ್ನೊಂದು ದಾರಿಯ ಗಳಿಕೆ. ಪದವೀಧರನ ಮೊದಲ ವರ್ಷದ ಸಂಬಳವನ್ನು ಇನ್ನೊಬ್ಬನ ಮೊದಲ ವರ್ಷದ ಸಂಬಳದ ಎದುರು ಇಡಬೇಡಿ. ಪದವಿ ಮುಗಿಯುವ ಹೊತ್ತಿಗೆ ಇನ್ನೊಂದು ದಾರಿಯಲ್ಲಿ ಹೋದವನಿಗೆ ನಾಲ್ಕು ವರ್ಷದ ಅನುಭವ ಆಗಿರುತ್ತದೆ, ಸಂಬಳವೂ ಏರಿರುತ್ತದೆ.

ಪದವೀಧರನಿಗೆ ಆರಂಭದಲ್ಲಿ 150, ಅನುಭವಿಗೆ ಆಗ 115 ಎಂದುಕೊಂಡರೆ ಮೊದಲ ವರ್ಷದ ಅಂತರ 35 ಮಾತ್ರ. ಈ ಅಂತರ ವರ್ಷಕ್ಕೆ 15ರಂತೆ ಬೆಳೆಯುತ್ತದೆ ಎಂದು ಇಟ್ಟುಕೊಳ್ಳೋಣ: 35, 50, 65, 80, ಹೀಗೆ. ಕೂಡುತ್ತ ಹೋದರೆ ಏಳನೆಯ ವರ್ಷದ ಕೊನೆಗೆ 560, ಎಂಟನೆಯ ವರ್ಷದ ಕೊನೆಗೆ 700. ಅಂದರೆ ಹಾಕಿದ 640 ಹುಟ್ಟುವುದು ಕೆಲಸಕ್ಕೆ ಸೇರಿದ ಎಂಟನೆಯ ವರ್ಷದಲ್ಲಿ, ಕಾಲೇಜಿಗೆ ಸೇರಿದ ದಿನದಿಂದ ಎಣಿಸಿದರೆ ಹನ್ನೆರಡನೆಯ ವರ್ಷದಲ್ಲಿ. ಮೊದಲ ಸಂಬಳ ಕೈಗೆ ಬಂದ ದಿನವೇ ಓದು ಫಲ ಕೊಟ್ಟಿತೆಂದು ಭಾವಿಸುವ ಕುಟುಂಬಗಳು ಈ ಹಂತದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಹಂತ 5: ಕಾಲಕ್ಕೂ ಬೆಲೆಯಿದೆ ಎಂಬುದನ್ನು ಸೇರಿಸಿ

ಹತ್ತು ವರ್ಷದ ನಂತರ ಬರುವ 100, ಇಂದು ಕೈಯಲ್ಲಿರುವ 100ಕ್ಕೆ ಸಮನಲ್ಲ. ಇಂದಿನ ಹಣವನ್ನು ಬಡ್ಡಿಗೆ ಇಟ್ಟರೆ ಅದು ಅಷ್ಟರಲ್ಲಿ ಬೆಳೆದಿರುತ್ತದೆ. ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸಿ ಹೇಳುವುದಕ್ಕೆ ಪ್ರಸ್ತುತ ಮೌಲ್ಯ ಎನ್ನುತ್ತಾರೆ. ಲೆಕ್ಕ ಸರಳ: ವರ್ಷಕ್ಕೆ ಶೇಕಡಾ 5 ಎಂದು ಹಿಡಿದರೆ, ಒಂದು ವರ್ಷದ ನಂತರದ ಹಣವನ್ನು 1.05ರಿಂದ ಒಂದು ಸಲ, ಎರಡು ವರ್ಷದ ನಂತರದ್ದನ್ನು ಎರಡು ಸಲ, ಹೀಗೆ ಭಾಗಿಸುತ್ತ ಹೋಗುವುದು.

ಹೀಗೆ ಮಾಡಿದಾಗ ನಮ್ಮ 640ರ ವೆಚ್ಚ ಸುಮಾರು 596 ಆಗುತ್ತದೆ, ಏಕೆಂದರೆ ಅದು ಮೊದಲ ನಾಲ್ಕು ವರ್ಷಗಳಲ್ಲೇ ಮುಗಿಯುತ್ತದೆ. ಮುಂದಿನ ಗಳಿಕೆ ದೂರದಲ್ಲಿರುವುದರಿಂದ ಇದಕ್ಕಿಂತ ಹೆಚ್ಚು ಕುಗ್ಗುತ್ತದೆ. ಹಣ ಹುಟ್ಟುವ ಕಾಲ ಎಂಟನೆಯ ವರ್ಷದಿಂದ ಹತ್ತನೆಯ ವರ್ಷಕ್ಕೆ ಸರಿಯುತ್ತದೆ. ಇನ್ನೂ ಗಂಭೀರವಾದದ್ದು ಇಲ್ಲಿದೆ. ಅಂತರ ಬೆಳೆಯದೆ 35ರಲ್ಲೇ ನಿಂತುಬಿಟ್ಟರೆ, ನಲವತ್ತು ವರ್ಷ ದುಡಿದರೂ ಅದರ ಪ್ರಸ್ತುತ ಮೌಲ್ಯ ಸುಮಾರು 519 ಮಾತ್ರ. ಹಾಕಿದ ಹಣ ಹುಟ್ಟುವುದೇ ಇಲ್ಲ. ಆರಂಭದ ಸಂಬಳಕ್ಕಿಂತ ಸಂಬಳ ಬೆಳೆಯುವ ವೇಗವೇ ಈ ಪದವಿಯ ಲಾಭನಷ್ಟವನ್ನು ತೀರ್ಮಾನಿಸುತ್ತದೆ. ಐದಾರು ವರ್ಷ ಕೆಲಸ ಮಾಡಿದವರನ್ನು ಮಾತನಾಡಿಸಿ ಎಂದು ಆರಂಭದಲ್ಲೇ ಹೇಳಿದ್ದು ಇದಕ್ಕಾಗಿ. ನಿಮ್ಮ ಸಂಬಳ ಎಷ್ಟು ಎಂದಲ್ಲ, ಮೊದಲ ವರ್ಷದಿಂದ ಈಗಿನವರೆಗೆ ಎಷ್ಟು ಪಟ್ಟು ಆಗಿದೆ ಎಂದು ಅವರನ್ನು ಕೇಳಿ. ಈ ಪ್ರಶ್ನೆಗೆ ಜನ ಸಂಕೋಚವಿಲ್ಲದೆ ಉತ್ತರ ಹೇಳುತ್ತಾರೆ.

ಒಂದು ಎಚ್ಚರಿಕೆ: ಶೇಕಡಾ 5 ಹಣದುಬ್ಬರವನ್ನು, ಅಂದರೆ ಬೆಲೆ ಏರಿಕೆಯನ್ನು, ಕಳೆದ ದರ ಎಂದಾದರೆ ಸಂಬಳದ ಅಂಕಿಗಳೂ ಇಂದಿನ ಬೆಲೆಯಲ್ಲೇ ಇರಬೇಕು. ಒಂದು ಕಡೆ ಬೆಲೆ ಏರಿಕೆ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ ಉತ್ತರ ಪೂರ್ತಿ ತಪ್ಪಾಗುತ್ತದೆ.

ಹಂತ 6: ಸಾಲದ ಕಂತನ್ನು ಮೊದಲ ಸಂಬಳದ ಎದುರು ಇಡಿ

ಓದು ಮುಗಿಯುವವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬುದನ್ನು ಬಡ್ಡಿಯೇ ಇಲ್ಲವೆಂದು ತಿಳಿಯುವವರು ಬಹಳ. ಅನೇಕ ಸಾಲಗಳಲ್ಲಿ ಆ ಅವಧಿಯಲ್ಲೂ ಬಡ್ಡಿ ಏರುತ್ತಲೇ ಇರುತ್ತದೆ, ಕೊನೆಗೆ ಅಸಲಿಗೆ ಸೇರುತ್ತದೆ. ಪ್ರತಿ ವರ್ಷದ ಆರಂಭದಲ್ಲಿ 60ರಂತೆ ನಾಲ್ಕು ವರ್ಷ ಶೇಕಡಾ 9ರ ಚಕ್ರಬಡ್ಡಿಗೆ ಸಾಲ ಪಡೆದರೆ, ಪದವಿ ಮುಗಿಯುವಾಗ 240 ಬೆಳೆದು 299 ಆಗಿರುತ್ತದೆ. ಅದನ್ನು ಹತ್ತು ವಾರ್ಷಿಕ ಕಂತುಗಳಲ್ಲಿ ತೀರಿಸಲು ವರ್ಷಕ್ಕೆ ಸುಮಾರು 46.6 ಬೇಕು, ಒಟ್ಟು 466. ಪಡೆದ ಸಾಲದ ಸುಮಾರು ಎರಡು ಪಟ್ಟು.

ಈ 46.6ನ್ನು ಹಿಂದಿನ ಹಂತದ 35ರ ಪಕ್ಕದಲ್ಲಿಟ್ಟು ನೋಡಿ. ಮೊದಲ ವರ್ಷ ಪದವಿಯಿಂದ ಸಿಗುವ ಹೆಚ್ಚುವರಿ ಗಳಿಕೆಗಿಂತ ಕಂತೇ ದೊಡ್ಡದು. 150ರ ಸಂಬಳದಲ್ಲಿ ಮೂರನೆಯ ಒಂದು ಭಾಗಕ್ಕೆ ಹತ್ತಿರದಷ್ಟು ಅದಕ್ಕೇ ಹೋಗುತ್ತದೆ. ಬೆಲೆಯೊಂದಿಗೆ ಸಂಬಳವೂ ಏರಿದಂತೆ ಕಂತಿನ ಭಾರ ಮುಂದೆ ಹಗುರಾಗುತ್ತದೆ, ಆದರೆ ಮೊದಲ ಮೂರು ನಾಲ್ಕು ವರ್ಷಗಳ ಬಿಗಿಯನ್ನು ಅದು ತಪ್ಪಿಸುವುದಿಲ್ಲ. ದೀರ್ಘಾವಧಿಯಲ್ಲಿ ಲಾಭವಿದ್ದೂ ಆರಂಭದಲ್ಲೇ ಕಂತು ತಪ್ಪಿ ತೊಂದರೆಗೆ ಸಿಲುಕುವುದು ಹೀಗೆಯೇ. ಓದುವಾಗಲೇ ಬಡ್ಡಿಯನ್ನಷ್ಟಾದರೂ ಕಟ್ಟುತ್ತ ಬಂದರೆ ಅಸಲು 240ರಲ್ಲೇ ನಿಲ್ಲುತ್ತದೆ.

ಸಾಲದ ಬಗೆಯನ್ನೂ ನೋಡಿ. ಆಸ್ಟ್ರೇಲಿಯಾ 1989ರಿಂದ ನಡೆಸುತ್ತಿರುವಂಥ ಪದ್ಧತಿಯಲ್ಲಿ, ಆದಾಯ ಒಂದು ಮಿತಿಯನ್ನು ದಾಟಿದ ಮೇಲೆ ಮಾತ್ರ ಮರುಪಾವತಿ ಆರಂಭವಾಗುತ್ತದೆ. ಕೆಲಸ ಸಿಗಲಿ ಸಿಗದಿರಲಿ ಕಂತು ಕಟ್ಟಲೇಬೇಕಾದ ಸಾಲಕ್ಕಿಂತ ಇದರಲ್ಲಿ ಅಪಾಯ ಬಹಳ ಕಡಿಮೆ. ಮನೆ ಅಥವಾ ಜಮೀನನ್ನು ಅಡವಿಟ್ಟು ಪಡೆಯುವ ಸಾಲವಾದರೆ, ಕೆಳಗಿನ ಕಾಲು ಭಾಗದವರ ಸಂಬಳದಲ್ಲಿ ಕಂತು ಕಟ್ಟಲಾಗುವುದೇ ಎಂದು ನೋಡದೆ ಸಹಿ ಹಾಕಬೇಡಿ.

ಶುಲ್ಕವನ್ನೂ ಸಾಲದ ಕಂತನ್ನೂ ಎರಡನ್ನೂ ವೆಚ್ಚದಲ್ಲಿ ಎಣಿಸಬಾರದು ಎಂಬುದು ನೆನಪಿರಲಿ. ಸಾಲದಿಂದ ಕಟ್ಟಿದ ಶುಲ್ಕ ಕಂತಿನ ರೂಪದಲ್ಲಿ ಒಮ್ಮೆ ಬಂದರೆ ಸಾಕು.

ಹಂತ 7: ಮುಗಿಸುವ ಸಾಧ್ಯತೆಯನ್ನು ಲೆಕ್ಕಕ್ಕೆ ತನ್ನಿ

ಇಲ್ಲಿಯವರೆಗೆ ನಾಲ್ಕೇ ವರ್ಷದಲ್ಲಿ ಪದವಿ ಕೈಗೆ ಬರುತ್ತದೆ ಎಂದು ಭಾವಿಸಿದ್ದೆವು. ಒಂದು ವರ್ಷ ಹೆಚ್ಚಾದರೆ 60ರ ಖರ್ಚಿನ ಜೊತೆಗೆ, ಅಷ್ಟರಲ್ಲಿ 115ಕ್ಕೆ ಏರಿರುವ ಇನ್ನೊಂದು ದಾರಿಯ ಸಂಬಳವೂ ಹೋಗಿ, ವೆಚ್ಚ 640ರಿಂದ 815ಕ್ಕೆ ಏರುತ್ತದೆ. ನಡುವೆ ಬಿಟ್ಟರೆ ಪರಿಸ್ಥಿತಿ ಇನ್ನೂ ಕಷ್ಟ. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಮಂಡಿಸಿದ ವಾದದ ಪ್ರಕಾರ ಉದ್ಯೋಗದಾತರಿಗೆ ಪದವಿಯು ಕಲಿಕೆಯ ಅಳತೆ ಮಾತ್ರವಲ್ಲ, ಅಭ್ಯರ್ಥಿಯ ಸಾಮರ್ಥ್ಯದ ಸೂಚನೆಯೂ ಹೌದು. ಆ ಸೂಚನೆ ಸಿಗುವುದು ಪದವಿಪತ್ರ ಕೈಗೆ ಬಂದಾಗ, ಆದ್ದರಿಂದ ಮುಕ್ಕಾಲು ಓದಿಗೆ ಮುಕ್ಕಾಲು ಫಲ ಸಿಗುವುದಿಲ್ಲ.

ವಿಭಾಗಕ್ಕೆ ಸೇರಿದವರಲ್ಲಿ ನಿಗದಿತ ಅವಧಿಯಲ್ಲಿ ತೇರ್ಗಡೆಯಾದವರು ಎಷ್ಟು ಎಂದು ಕೇಳಿ, ಹಿಂದಿನ ಹಂತಗಳಲ್ಲಿ ಬಂದ ಹೆಚ್ಚುವರಿ ಗಳಿಕೆಯನ್ನು, ವೆಚ್ಚ ಕಳೆಯುವ ಮೊದಲೇ, ಆ ಪ್ರಮಾಣದಿಂದ ಗುಣಿಸಿ. ಹತ್ತರಲ್ಲಿ ಏಳು ಜನ ಮುಗಿಸುತ್ತಾರೆಂದರೆ 0.7ರಿಂದ. ಗಣಿತ ಮತ್ತು ಭೌತಶಾಸ್ತ್ರದಲ್ಲಿ ನಿಮ್ಮ ಅಡಿಪಾಯ ಗಟ್ಟಿಯಿದ್ದರೆ ಪ್ರಮಾಣವನ್ನು ಸ್ವಲ್ಪ ಏರಿಸಬಹುದು, ದುರ್ಬಲವಿದ್ದರೆ ಇಳಿಸಲೇಬೇಕು. ಮಕ್ಕಳ ವಿಷಯದಲ್ಲಿ ತಂದೆತಾಯಿಗಳಿಗೆ ಇದು ಕಷ್ಟದ ಕೆಲಸ, ಆದರೆ ಇಲ್ಲಿ ನಿಷ್ಠುರವಾಗಿರುವುದು ಆ ಮಗುವಿಗೇ ಮಾಡುವ ಉಪಕಾರ.

ಹಂತ 8: ಅಂಕಿಗಳನ್ನು ಬದಲಿಸಿ ಮತ್ತೊಮ್ಮೆ ನೋಡಿ

ಆರಂಭದ ಸಂಬಳವನ್ನು ಐದನೆಯ ಒಂದು ಭಾಗ ಇಳಿಸಿ, ಕೆಲಸ ಸಿಗುವುದು ಒಂದು ವರ್ಷ ತಡವಾಗುತ್ತದೆಂದು ಇಟ್ಟುಕೊಂಡು ಪಟ್ಟಿಯನ್ನು ಇನ್ನೊಮ್ಮೆ ಮಾಡಿ. ಇದು ಅತಿಯಾದ ಭಯವಲ್ಲ. ನೀವು ಸೇರುವ ವರ್ಷದ ಮಾರುಕಟ್ಟೆ ನೀವು ಹೊರಬರುವ ವರ್ಷ ಇರುವುದಿಲ್ಲ. 2000ದ ನಂತರ ಇಂಟರ್‌ನೆಟ್ ಕಂಪನಿಗಳು ಕುಸಿದಾಗ ಕಂಪ್ಯೂಟರ್ ಕ್ಷೇತ್ರದಲ್ಲೂ, 2014ರ ಮಧ್ಯದಿಂದ ಕಚ್ಚಾತೈಲದ ಬೆಲೆ ಬಿದ್ದಾಗ ಪೆಟ್ರೋಲಿಯಂ ಎಂಜಿನಿಯರಿಂಗ್ ಕ್ಷೇತ್ರದಲ್ಲೂ ಹೀಗಾಗಿತ್ತು. ಬೇಡಿಕೆ ಉತ್ತುಂಗದಲ್ಲಿದ್ದಾಗ ಸೇರಿದವರು ಬೇಡಿಕೆ ಬಿದ್ದಾಗ ಹೊರಬಂದರು. ಹಿಂಜರಿತದ ಕಾಲದಲ್ಲಿ ಪದವಿ ಪಡೆದವರ ಗಳಿಕೆ ಸುಮಾರು ಹತ್ತು ವರ್ಷಗಳವರೆಗೂ ಹಿಂದೆ ಬೀಳಬಹುದೆಂದು ಕೆನಡಾದ ಪದವೀಧರರ ಮೇಲೆ ನಡೆದ ಅಧ್ಯಯನವೊಂದು ತೋರಿಸಿದೆ. ಈ ವರ್ಷ ಎಲ್ಲರೂ ಮುಗಿಬಿದ್ದಿರುವ ವಿಭಾಗಕ್ಕೆ ಅದೊಂದೇ ಕಾರಣದಿಂದ ಹೆಚ್ಚು ಹಣ ಕೊಡಬೇಡಿ.

ಹೊರದೇಶದ ಸಂಬಳವನ್ನು ಲೆಕ್ಕದಲ್ಲಿ ಸೇರಿಸುವವರು ಮಾನ್ಯತೆಯನ್ನು ಪರಿಶೀಲಿಸಿ. 1989ರಲ್ಲಿ ಆರು ದೇಶಗಳ ಸಂಸ್ಥೆಗಳು ಸಹಿ ಹಾಕಿದ ವಾಷಿಂಗ್ಟನ್ ಒಪ್ಪಂದ, ಸದಸ್ಯ ಸಂಸ್ಥೆಗಳು ಮಾನ್ಯ ಮಾಡಿದ ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಸಮಾನವೆಂದು ಒಪ್ಪುತ್ತದೆ. ಅದರಲ್ಲಿ ಈಗ ಇನ್ನೂ ಹಲವು ದೇಶಗಳಿವೆ. ಆದರೆ ದೇಶ ಸದಸ್ಯನಾಗಿರುವುದು ಸಾಲದು, ನಿಮ್ಮ ಕಾಲೇಜಿನ ನಿಮ್ಮ ವಿಭಾಗಕ್ಕೇ ಆ ಮಾನ್ಯತೆ ಇರಬೇಕು. ಇದ್ದರೂ ಅದು ವೃತ್ತಿ ಪರವಾನಗಿಯಲ್ಲ, ವೀಸಾ ಅಂತೂ ಅಲ್ಲವೇ ಅಲ್ಲ.

ಹಂತ 9: ಆಸಕ್ತಿಗೆ ಬೇರೆಯೇ ಜಾಗ ಕೊಡಿ

ಯಂತ್ರಗಳನ್ನೋ ಸೇತುವೆಗಳನ್ನೋ ಕಟ್ಟುವ ಕೆಲಸವೇ ಬೇಕೆಂಬ ಆಸೆ ನಿಜವಾದದ್ದು, ಗೌರವಿಸಬೇಕಾದದ್ದು. ಅದನ್ನು ಸಂಬಳದ ಅಂಕಿಯೊಳಗೆ ತುರುಕಿ ಆಶಾವಾದದ ಲೆಕ್ಕ ಮಾಡಬೇಡಿ. ಮೊದಲು ಹಣದ ಲೆಕ್ಕವನ್ನು ಪ್ರಾಮಾಣಿಕವಾಗಿ ಮುಗಿಸಿ. ಇನ್ನೊಂದು ದಾರಿಗಿಂತ ಇಷ್ಟು ಕಡಿಮೆ ಎಂದು ಉತ್ತರ ಬಂದರೆ, ಆ ಕೊರತೆಯೇ ನಿಮ್ಮ ಇಷ್ಟದ ಕೆಲಸಕ್ಕೆ ನೀವು ತೆರುವ ಬೆಲೆ. ಅಷ್ಟನ್ನು ತಿಳಿದು ಒಪ್ಪಿಕೊಂಡು ಸೇರುವುದರಲ್ಲಿ ಯಾವ ತಪ್ಪೂ ಇಲ್ಲ. ಬೇರೆಯವರ ಒತ್ತಾಯಕ್ಕೆ ಸೇರುವವರ ವಿಷಯದಲ್ಲಿ ಈ ಮಾತು ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಬೆಲೆ ತೆರುವವರೇ ಬೇರೆ, ನಿರ್ಧರಿಸಿದವರೇ ಬೇರೆ.

ಹಂತ 10: ಸೇರಿದ ಮೇಲೂ ವರ್ಷಕ್ಕೊಮ್ಮೆ ಲೆಕ್ಕ ಮಾಡಿ

ಪ್ರತಿ ವರ್ಷದ ಕೊನೆಗೆ ಹಾಳೆಯನ್ನು ತೆರೆಯಿರಿ, ಆದರೆ ಆಗ ಕಳೆದ ವರ್ಷಗಳ ಖರ್ಚನ್ನು ಸೇರಿಸಬೇಡಿ. ಅದು ಮುಂದುವರಿದರೂ ಬಿಟ್ಟರೂ ವಾಪಸು ಬಾರದ ಹಣ. ಎರಡನೆಯ ವರ್ಷ ಮುಗಿದಾಗ ನಮ್ಮ ಉದಾಹರಣೆಯಲ್ಲಿ ಉಳಿದ ವೆಚ್ಚ 320, ಎದುರಿಗಿರುವ ಲಾಭ ಮಾತ್ರ ಮೊದಲಿನಷ್ಟೇ. ಆದ್ದರಿಂದ ಸೇರುವಾಗ ಅಷ್ಟೇನೂ ಲಾಭದಾಯಕವಾಗಿ ಕಾಣದ ಪದವಿಯನ್ನು ಕೂಡ, ಅರ್ಧ ದಾರಿ ಬಂದ ಮೇಲೆ ಮುಗಿಸುವುದೇ ಸಾಮಾನ್ಯವಾಗಿ ಮೇಲು. ವಿಭಾಗ ಬದಲಿಸಬೇಕೆನಿಸಿದರೆ ಅಥವಾ ಬಿಡಲೇಬೇಕೆನಿಸಿದರೆ ಮೊದಲ ವರ್ಷದ ಕೊನೆಯೊಳಗೆ ತೀರ್ಮಾನಿಸಿ. ವಿಭಾಗ ಬದಲಾವಣೆಗೆ ಯಾವ ತಿಂಗಳಲ್ಲಿ ಅರ್ಜಿ ಕರೆಯುತ್ತಾರೆ, ಎಷ್ಟು ಅಂಕ ಬೇಕು, ಮಧ್ಯದಲ್ಲಿ ಬಿಟ್ಟರೆ ಮುಂದಿನ ವರ್ಷಗಳ ಶುಲ್ಕವನ್ನೂ ಕಟ್ಟಬೇಕೆಂಬ ಷರತ್ತು ಪ್ರವೇಶಪತ್ರದಲ್ಲಿದೆಯೇ ಎಂಬುದನ್ನು ಸೇರುವ ದಿನವೇ ಓದಿ, ಅದೇ ಹಾಳೆಯ ಮೇಲ್ಭಾಗದಲ್ಲಿ ದಿನಾಂಕದೊಂದಿಗೆ ಬರೆದಿಡಿ.